ದಾಸಯ್ಯನ ಜಾಗಟೆ, ಟೆನ್ನಿಯ ಕಾರ್ಡು

1. ಅಮೆರಿಕದ ಸಂಗೀತಕಾರ ಜೇಮ್ಸ್ ಟೆನ್ನಿ 1971ರಲ್ಲಿ ತಾಳವಾದ್ಯಗಾರ ಜಾನ್ ಬರ್ಗಮೋಗೆಂದು ಬರೆದ ಕೃತಿ ಒಂದು ಅಂಚೆ ಕಾರ್ಡಿನಲ್ಲಿ ಮುಗಿಯುತ್ತದೆ. ಹೆಸರು ‘ಹ್ಯಾವಿಂಗ್ ನೆವರ್ ರಿಟನ್ ಎ ನೋಟ್ ಫಾರ್ ಪರ್ಕಷನ್’. ಇರುವುದು ಒಂದೇ ಸ್ವರ. ಎರಡೂ ಕೈಯಿಂದ ಬಿಡದೆ ಬಾರಿಸುತ್ತ, ಕೇಳೀ ಕೇಳಿಸದ ಸದ್ದಿನಿಂದ ಭೋರ್ಗರೆಯುವಷ್ಟು ಏರಿ ಮತ್ತೆ ಅಲ್ಲಿಗೇ ಇಳಿಯಬೇಕು. ಎಷ್ಟು ಹೊತ್ತು? ‘ಬಹಳ ಹೊತ್ತು.’ ಯಾವ ವಾದ್ಯವೆಂದು ಬರೆದಿಲ್ಲ. ಹೆಚ್ಚಿನವರು ಟ್ಯಾಮ್‌ಟ್ಯಾಮ್ ಎಂಬ ದೊಡ್ಡ ಕಂಚಿನ ತಟ್ಟೆ ಹಿಡಿಯುತ್ತಾರೆ. ತಿಪಟೂರು ಸೀಮೆಯವನಿಗೆ ಜಾಗಟೆ ಸಾಕು.

2. ದಾಸಯ್ಯ ಎಡಗೈಲಿ ಜಾಗಟೆಯ ದಾರ ಹಿಡಿದು ಬಲಗೈಲಿ ಬಾರಿಸುತ್ತಾನೆ. ಇಲ್ಲಿ ಎರಡು ಕೈಯೂ ಬೇಕು, ತೊಲೆಗೆ ತೂಗುಹಾಕಿ. ಬರಿಗೋಲು ಬೇಡ. ತೆಂಗಿನ ನಾರು ಸುತ್ತಿ ಮೇಲೆ ಹಳೇ ಪಂಚೆ ಬಿಗಿದರೆ ಪೆಟ್ಟು ಅಡಗಿ ಕಂಚಿನ ದನಿಯಷ್ಟೇ ಉಳಿಯುತ್ತದೆ.

3. ಏರುವಾಗ ದನಿ ದೊಡ್ಡದಾಗುವುದಷ್ಟೇ ಅಲ್ಲ, ಬೇರೆಯೇ ಆಗುತ್ತದೆ. ಮೆಲ್ಲಗಿದ್ದಾಗ ತಗ್ಗಿನ ಗುಂಯ್. ಬಲ ಕೂಡಿದಂತೆ ತಟ್ಟೆಯೊಳಗಿನ ಬೇರೆ ಬೇರೆ ಕಂಪನಗಳು ಏಳುತ್ತವೆ, ಮೇಲಿನ ದನಿಗಳು ಒಂದರ ಹಿಂದೊಂದು ಹೊರಡುತ್ತವೆ. ವೀಣೆಯ ತಂತಿಯಲ್ಲಿ ಇಂಥ ದನಿಗಳು ಮೂಲ ಕಂಪನದ ಎರಡು, ಮೂರು, ನಾಲ್ಕು ಪಟ್ಟು. ಕಂಚಿನ ತಟ್ಟೆಗೆ ಆ ಲೆಕ್ಕವಿಲ್ಲ. ಅದಕ್ಕೇ ಶ್ರುತಿ ಹುಡುಕುವ ಕಿವಿ ತಬ್ಬಿಬ್ಬಾಗುವುದು. ನನ್ನ ಪ್ರಕಾರ ಕೃತಿಯ ಸಂಗೀತವೆಲ್ಲ ಈ ತಬ್ಬಿಬ್ಬಿನಲ್ಲೇ ಇದೆ, ಅವಸರದಲ್ಲಿ ಏರಿದವನಿಗೆ ಸಿಗದು. ಅಟ್ಟದ ಮೇಲಿನ ತೆಂಗಿನಕಾಯಿ ತಿಂಗಳುಗಟ್ಟಲೆ ಒಣಗಿ, ಒಳಗಿನ ಗಿಟುಕು ತಾನಾಗಿ ಚಿಪ್ಪು ಬಿಟ್ಟು ಗಡಗಡ ಅಂದ ಮೇಲೆ ತಾನೇ ನಮ್ಮಲ್ಲಿ ಸುಲಿಯುವುದು?

4. ಇಳಿಯುವುದು ಏರುವುದಕ್ಕಿಂತ ಕಷ್ಟ. ಜೋರು ಸದ್ದಿಗೆ ಕಿವಿ ಮಂದವಾಗಿರುತ್ತದೆ. ಮೆಲ್ಲಗೆ ಬಾರಿಸುತ್ತಿದ್ದೇನೆ ಅನ್ನಿಸಿದಾಗಲೂ ಅದು ಜೋರೇ. ತೋಳೂ ಸೋತಿರುತ್ತದೆ, ಸೋತ ತೋಳು ಮೆಲ್ಲಗೆ ಇಳಿಸುವುದಿಲ್ಲ, ಒಮ್ಮೆಗೇ ಕೈಬಿಡುತ್ತದೆ. ಅದಕ್ಕೆ ಏರುವಾಗಲೇ ಶಕ್ತಿ ಉಳಿಸಿಕೊಳ್ಳಿ.

5. ಮದುವೆ ಛತ್ರ ಬೇಡ, ಗೋಡೆಗಳು ಸದ್ದನ್ನು ಕಲಸಿಬಿಡುತ್ತವೆ. ಕಾಯಿ ತುಂಬಿದ ಮನೆ ಒಳ್ಳೆಯದು, ಸಿಪ್ಪೆ ಪ್ರತಿಧ್ವನಿಯನ್ನು ಹೀರುತ್ತದೆ. ತೋಟದ ಮೋಟರು ಓಡುತ್ತಿದ್ದರೆ ತ್ರೀ ಫೇಸ್ ಹೋಗುವವರೆಗೂ ಕಾಯಿರಿ.

6. ಅಕ್ಕಪಕ್ಕದವರಿಗೆ ಮೊದಲೇ ಹೇಳಿ. ಹೊತ್ತಲ್ಲದ ಹೊತ್ತಲ್ಲಿ ಜಾಗಟೆ ಕೇಳಿದರೆ ‘ಯಾರು ಹೋದ್ರು?’ ಅಂತಲೇ ಹೊರಗೆ ಬರುತ್ತಾರೆ. ಶ್ರಾವಣ ಶನಿವಾರವಾದರೆ ಆ ತೊಂದರೆಯಿಲ್ಲ, ದಾಸಯ್ಯ ಬಂದನೆಂದು ಮೊರದಲ್ಲಿ ಅಕ್ಕಿ ಹಿಡಿದು ಬರುತ್ತಾರೆ.