ಈಹೊತ್ತಿನ ರೊಟ್ಟಿ

ಓದತಕ್ಕ ಭಾಗಗಳು: ಮತ್ತಾಯ ೬:೯–೧೩, ೨೫–೩೪, ವಿಮೋಚನಕಾಂಡ ೧೬:೧೩–೩೦, ಅಪೊಸ್ತಲರ ಕೃತ್ಯಗಳು ೧೧:೨೭–೩೦.



ನಮ್ಮ ಕರ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಮೊದಲು ದೇವರ ನಾಮ, ರಾಜ್ಯ, ಚಿತ್ತ ಇವುಗಳ ವಿಷಯವಾದ ಬಿನ್ನಹಗಳಿವೆ. ಕಡೆಯಲ್ಲಿ ಪಾಪಕ್ಷಮೆಯೂ ಕೇಡಿನಿಂದ ಬಿಡುಗಡೆಯೂ ಇವೆ. ಇವುಗಳ ನಟ್ಟನಡುವೆ ಆತನು ಆಹಾರದ ಬಿನ್ನಹವನ್ನು ಇಟ್ಟಿದ್ದಾನೆ. ಪರಲೋಕದ ಅರಸನ ಮುಂದೆ ಹಿಟ್ಟು, ಉಪ್ಪು, ಎಣ್ಣೆಗಳ ಮಾತನ್ನೆತ್ತುವದು ಸಣ್ಣತನವೆಂದು ಕೆಲವರು ನೆನಸುವದುಂಟು. ಕರ್ತನು ಹಾಗೆ ನೆನಸಲಿಲ್ಲ. ಬಡಗಿಯ ಮನೆಯಲ್ಲಿ ಬೆಳೆದು, ಅರಣ್ಯದಲ್ಲಿ ಹಸಿದು, ಹಸಿದ ಜನರನ್ನು ಕಂಡು ಕನಿಕರಪಟ್ಟ ಆತನಿಗೆ ರೊಟ್ಟಿಯ ಬೆಲೆಯು ತಿಳಿದಿತ್ತು. ಈ ತಿಂಗಳ ಪಾಠದಲ್ಲಿ ಆ ಬಿನ್ನಹದ ಎರಡು ಮಾತುಗಳನ್ನು ವಿಚಾರಿಸೋಣ. ಒಂದು “ಈಹೊತ್ತು” ಎಂಬದು, ಇನ್ನೊಂದು “ನಮಗೆ” ಎಂಬದು.

೧. ನಮ್ಮ ಸೀಮೆಯೂ ಈ ಬಿನ್ನಹವೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು ೨೦೨೧ರಿಂದ ವಿಜಯನಗರ ಜಿಲ್ಲೆಗೆ ಸೇರಿರುವವು. ಅದಕ್ಕೆ ಮುಂಚೆ ಬಹುಕಾಲ ಇವು ಬಳ್ಳಾರಿಯ ಸೀಮೆಯೆಂದೇ ಎಣಿಸಲ್ಪಟ್ಟಿದ್ದವು. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಎಂಬವರು ಅಲ್ಲಿಯೇ ಕುಳಿತು, ವಿಲಿಯಂ ರೀವ್ ಮುಂತಾದ ಜೊತೆಗೆಲಸದವರೊಂದಿಗೆ, ಸತ್ಯವೇದವನ್ನು ಕನ್ನಡಕ್ಕೆ ತರಲು ದುಡಿದರು. ಹೀಗೆ, ಅನುದಿನದ ಆಹಾರವನ್ನು ಬೇಡುವ ಪ್ರಾರ್ಥನೆಯನ್ನು ಕನ್ನಡಕ್ಕೆ ತಿರುಗಿಸುವ ಆ ಕೆಲಸವು ಮಳೆಯನ್ನು ಎದುರುನೋಡುವ ನಮ್ಮ ಸೀಮೆಯಲ್ಲಿಯೇ ನಡೆಯಿತು.

ನಮ್ಮ ಎರೆಯ ಹೊಲವೂ ಮಸಾರಿಯ ಹೊಲವೂ ಮೇಲೆ ನೋಡುತ್ತಲೇ ಇರುವವು. ಹಡಗಲಿ ಹರಪನಹಳ್ಳಿಗಳ ಅಂಚಿನಲ್ಲಿ ತುಂಗಭದ್ರೆಯು ಹರಿದರೂ ನದಿಯು ತಗ್ಗಿನಲ್ಲಿ, ಹೊಲಗಳು ಎತ್ತರದಲ್ಲಿ. ೧೯೫೩ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟು ಮುಗಿಯಿತು. ಆದರೆ ಅದರ ದೊಡ್ಡ ಕಾಲುವೆಗಳು ಕೆಳಗಣ ಸೀಮೆಗಳ ಕಡೆಗೆ ಹೋಗುವವು. ಮೇಲ್ಗಡೆಯ ನಮ್ಮ ಬಹುಪಾಲು ಹೊಲಗಳಿಗೆ ಮುಂಗಾರು ಹಿಂಗಾರುಗಳೇ ಆಧಾರ. ೨೦೨೩ರಲ್ಲಿ ಮುಂಗಾರು ಕೈಬಿಟ್ಟಾಗ ಸರಕಾರವು ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಿತು. ಅಂಥ ವರುಷದಲ್ಲಿ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಿಗೆ ಬೀಗ ಬೀಳುವದು; ಗಟ್ಟಿಮುಟ್ಟಾದವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಮಂಡ್ಯದ ಕಬ್ಬು ಕಡಿಯುವದಕ್ಕೋ ಗುಳೆ ಹೋಗುವರು; ಮುದುಕರೂ ಮಕ್ಕಳೂ ಊರಲ್ಲಿ ಉಳಿಯುವರು. ಆದಕಾರಣ ಈ ಬಿನ್ನಹವು ನಮ್ಮ ಬಾಯಲ್ಲಿ ಬರೀ ವಾಡಿಕೆಯ ಮಾತಾಗಿರುವದಕ್ಕೆ ಆಗದು.

೨. “ಈಹೊತ್ತು” ಎಂಬ ಮಾತು

ಇಸ್ರಾಯೇಲ್ಯರು ಅರಣ್ಯದಲ್ಲಿದ್ದಾಗ ದೇವರು ಮನ್ನವನ್ನು ಕೊಟ್ಟನು. ತಲೆಗೆ ಒಂದು ಓಮೆರ್ ಎಂಬದು ಅಳತೆ. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗೆಂದು ಬಚ್ಚಿಟ್ಟದ್ದು ಹುಳ ಬಿದ್ದು ನಾರಿತು. ಇದರಿಂದ ದೇವರು ಅವರಿಗೆ ಕಲಿಸಿದ್ದೇನಂದರೆ, ನಿನ್ನೆ ಕೊಟ್ಟವನು ಈಹೊತ್ತೂ ಇದ್ದಾನೆ, ನಾಳೆಯೂ ಇರುವನು ಎಂಬದೇ.

ಹಾಗಾದರೆ ಕಾಳನ್ನು ಕೂಡಿಡುವದು ಅಪನಂಬಿಕೆಯೋ? ಅಲ್ಲ. ಸಬ್ಬತ್ತಿನ ಹಿಂದಿನ ದಿನ ಎರಡರಷ್ಟು ಕೂಡಿಸಿ ಇಡಬೇಕೆಂದು ಅಪ್ಪಣೆಕೊಟ್ಟವನು ದೇವರೇ. ಆ ದಿನ ಇಟ್ಟದ್ದು ಕೆಡಲಿಲ್ಲ. ಯೋಸೇಫನು ಏಳು ಸುಭಿಕ್ಷದ ವರುಷಗಳಲ್ಲಿ ಕಣಜಗಳನ್ನು ತುಂಬಿಸಿ ಏಳು ಬರದ ವರುಷಗಳಲ್ಲಿ ಅನೇಕರ ಪ್ರಾಣವನ್ನು ಉಳಿಸಿದನು. ನಮ್ಮ ಒಕ್ಕಲಿಗನು ಮನೆಯಲ್ಲಿ ಹಸಿವಿದ್ದರೂ ಬೀಜದ ಜೋಳಕ್ಕೆ ಕೈಹಾಕದಿರುವದು ನಂಬಿಕೆಯೇ ಹೊರತು ಅಪನಂಬಿಕೆಯಲ್ಲ. ಆದರೆ ಲೂಕನ ೧೨ನೇ ಅಧ್ಯಾಯದ ಐಶ್ವರ್ಯವಂತನು ತನ್ನ ಹಗೇವುಗಳನ್ನು ದೊಡ್ಡದು ಮಾಡಿ, ಅವುಗಳ ಬಾಯಿಮುಚ್ಚಿ, ತನ್ನ ಆತ್ಮಕ್ಕೆ ಮಾತ್ರ ಹಬ್ಬದೂಟವನ್ನು ಹೇಳಿದನು. ಯೋಸೇಫನ ಕಣಜಕ್ಕೂ ಇವನ ಹಗೇವಿಗೂ ಇರುವ ಭೇದವು ಕಾಳಿನ ಮೊತ್ತದಲ್ಲಿಲ್ಲ. ಬಾಗಿಲು ಯಾರಿಗೋಸ್ಕರ ತೆರೆಯುವದೆಂಬದರಲ್ಲಿದೆ.

ಕರ್ತನು ಆಕಾಶದ ಹಕ್ಕಿಗಳನ್ನು ತೋರಿಸಿದ್ದೂ ಸೋಮಾರಿತನವನ್ನು ಕಲಿಸುವದಕ್ಕಲ್ಲ. ಹಕ್ಕಿಯು ಬಿತ್ತದಿದ್ದರೂ ಹೊತ್ತುಮೂಡುವ ಮುಂಚೆ ಗೂಡು ಬಿಟ್ಟು ಹೊರಡುವದು. ಅದು ದುಡಿಯುವದು, ಚಿಂತಿಸದು. ನಾವೋ ನಾಳಿನ ಭಾರವನ್ನು ಈಹೊತ್ತಿನ ಹೆಗಲಿಗೆ ಹೊರಿಸಿ ಎರಡು ದಿನಗಳನ್ನೂ ಕೆಡಿಸಿಕೊಳ್ಳುವೆವು.

೩. “ನಮಗೆ” ಎಂಬ ಮಾತು

ಒಬ್ಬಂಟಿಗನು ಕೋಣೆಯಲ್ಲಿ ಬಾಗಿಲು ಮುಚ್ಚಿ ಪ್ರಾರ್ಥಿಸಿದರೂ ಕರ್ತನು ಅವನ ಬಾಯಲ್ಲಿ “ನನಗೆ” ಎಂಬ ಮಾತನ್ನು ಇಡಲಿಲ್ಲ, “ನಮಗೆ” ಎಂಬದನ್ನು ಇಟ್ಟನು. ನೆರೆಮನೆಯಲ್ಲಿ ಒಲೆ ಉರಿಯದಿರುವಾಗ ನನ್ನ ಮನೆಗೆ ರೊಟ್ಟಿ ಬಂದರೆ ನನ್ನ ಪ್ರಾರ್ಥನೆಯ ಅರ್ಧಭಾಗ ಮಾತ್ರ ನೆರವೇರಿದ ಹಾಗಾಯಿತು. ಉಳಿದ ಅರ್ಧವನ್ನು ದೇವರು ನನ್ನ ಬುಟ್ಟಿಯಲ್ಲಿಯೇ ಇಟ್ಟು ಕಾಯುತ್ತಿರುವನು.

ನಮ್ಮ ಸೀಮೆಯು ಇದನ್ನು ಕಠಿಣವಾದ ಪಾಠದಿಂದ ಕಲಿತಿದೆ. ೧೮೭೬ರಿಂದ ೧೮೭೮ರ ವರೆಗಿನ ಮಹಾಬರದಲ್ಲಿ ಬಳ್ಳಾರಿ ಜಿಲ್ಲೆಯು ಬಹಳವಾಗಿ ನಾಶವಾಯಿತು. ೧೮೭೧ರ ಜನಗಣತಿಗೂ ೧೮೮೧ರ ಜನಗಣತಿಗೂ ನಡುವೆ ಇಲ್ಲಿನ ಜನಸಂಖ್ಯೆಯು ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಯಿತು. ಬರದ ಕಾಮಗಾರಿಗಳಲ್ಲಿ ಕಲ್ಲು ಒಡೆದು ಮಣ್ಣು ಹೊತ್ತವರಿಗೆ ೧೮೭೭ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ದಿನಗೂಲಿಯನ್ನು ತಗ್ಗಿಸಿದನು. ಗಂಡಾಳಿಗೆ ಒಂದು ರಾತಲು, ಅಂದರೆ ಸುಮಾರು ೪೫೦ ಗ್ರಾಂ ಧಾನ್ಯ, ಅದರ ಮೇಲೆ ಸ್ವಲ್ಪ ಕಾಸು. ಮದ್ರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಶ್ ಎಂಬವರು, ಇಷ್ಟರಿಂದ ದುಡಿಯುವವನ ದೇಹವು ನಿಲ್ಲದೆಂದು ಬಲವಾಗಿ ಎದುರು ಹೇಳಿದರು. ಆ ವರುಷದಲ್ಲೇ ಮದ್ರಾಸ್ ಸರಕಾರವು ಅಳತೆಯನ್ನು ಏರಿಸಿತು. ಒಬ್ಬ ವೈದ್ಯನು ತಕ್ಕಡಿಯ ವಿಷಯವಾಗಿ ಸುಮ್ಮನಿರದೆ ಮಾತಾಡಿದ್ದೂ ಹಸಿದವರ ರೊಟ್ಟಿಗೆ ಕಾರಣವಾಯಿತೆಂಬದನ್ನು ನಾವು ಮರೆಯಬಾರದು.

ಆ ಬರದ ತರುವಾಯ ವಿಚಾರಣೆ ನಡಿಸಿದ ೧೮೮೦ರ ಬರಗಾಲದ ಆಯೋಗವು ಒಂದು ಮಾತನ್ನು ಗುರುತಿಸಿತು. ಬರದಲ್ಲಿ ಬಡವನು ಸಾಯುವದು ದೇಶದಲ್ಲಿ ಕಾಳಿಲ್ಲದೆ ಅನ್ನುವದಕ್ಕಿಂತ, ಹೊಲದ ಕೆಲಸ ನಿಂತು ಕಾಳು ಕೊಳ್ಳುವ ಕೂಲಿಯಿಲ್ಲದೆ ಎಂಬದು ಅದರ ಅಭಿಪ್ರಾಯ. ಹೀಗಿರಲಾಗಿ, ರೊಟ್ಟಿಯನ್ನು ಬೇಡುವವನು ಕೆಲಸವನ್ನೂ ಸರಿಯಾದ ಕೂಲಿಯನ್ನೂ ನ್ಯಾಯವಾದ ತೂಕವನ್ನೂ ಬೇಡುತ್ತಾನೆ. ಮತ್ತಾಯನ ೨೦ನೇ ಅಧ್ಯಾಯದ ದ್ರಾಕ್ಷೇತೋಟದ ಯಜಮಾನನು ಹೊತ್ತು ಇಳಿದ ಮೇಲೆ ಬಂದ ಕೂಲಿಯವನಿಗೂ ಇಡೀ ದಿನದ ಕೂಲಿಯನ್ನು ಕೊಟ್ಟನು. ಯಾಕಂದರೆ ಅವನ ಮನೆಯಲ್ಲಿಯೂ ಇಡೀ ದಿನದ ಹಸಿವಿತ್ತು. ಕೂಲಿಯವನ ದುಡ್ಡನ್ನು ನಾಳೆ ನಾಳೆಯೆಂದು ತಡೆದಿಡುವ ಕ್ರೈಸ್ತನು ತನ್ನ ಬಾಯಿಂದ ಮಾಡಿದ ಪ್ರಾರ್ಥನೆಯನ್ನು ತನ್ನ ಕೈಯಿಂದಲೇ ಅಡ್ಡಗಟ್ಟುತ್ತಾನೆ (ಯಾಕೋಬ ೫:೪).

೪. ಪ್ರಾರ್ಥಿಸಿದರೂ ರೊಟ್ಟಿ ಬಾರದಿದ್ದರೆ

ಇಲ್ಲಿ ಒಂದು ಪ್ರಶ್ನೆಯನ್ನು ಮುಚ್ಚಿಡುವದು ಸರಿಯಲ್ಲ. “ಅಯ್ಯನವರೇ, ನಾವೂ ಮೊಣಕಾಲೂರಿ ಬೇಡಿದೆವು, ಮಳೆಯಾಗಲಿಲ್ಲ. ನಮ್ಮ ನಂಬಿಕೆ ಸಾಲದೇ ಹೋಯಿತೇ?” ಎಂದು ಕಣ್ಣೀರಿನಿಂದ ಕೇಳುವವರುಂಟು.

ಅಂಥವರಿಗೆ ನಾವು ಮೊದಲು ಹೇಳತಕ್ಕದ್ದು, ಹಸಿವು ಅಪನಂಬಿಕೆಯ ಗುರುತಲ್ಲ ಎಂಬದೇ. ಅಪೊಸ್ತಲನಾದ ಪೌಲನು ತಾನು ಹಸಿವೆಬಾಯಾರಿಕೆಗಳಲ್ಲಿ ಇದ್ದೆನೆಂದು ಕೊರಿಂಥದವರಿಗೆ ಬರೆದನು. ಹಬಕ್ಕೂಕನು ಹೊಲದಲ್ಲಿ ಬೆಳೆಯೂ ಕೊಟ್ಟಿಗೆಯಲ್ಲಿ ದನವೂ ಇಲ್ಲದಿರುವಾಗ ದೇವರಲ್ಲಿ ಆನಂದಿಸಿದನು. ಹಸಿದ ಮನೆಯ ಬಾಗಿಲಲ್ಲಿ ನಿಂತು ನಿಮ್ಮ ನಂಬಿಕೆ ಚಿಕ್ಕದು ಎನ್ನುವವನು ಯೋಬನ ಸ್ನೇಹಿತರ ಸಾಲಿನಲ್ಲಿ ಕೂಡುವನು. ಕಾಣಿಕೆ ಕೊಟ್ಟರೆ ನೂರರಷ್ಟು ಹಣ ತಿರುಗಿ ಬರುವದೆಂದು ಹೇಳಿ ಬಡವರಿಂದ ಸಾಲಮಾಡಿಸುವವರ ಮಾತಿಗೂ ನಮ್ಮ ಸಭೆಯವರು ಕಿವಿಗೊಡಬಾರದು.

ಎರಡನೆಯದಾಗಿ, ನಮ್ಮ ಕನ್ನಡನಾಡಿನಲ್ಲಿ ಹುಟ್ಟಿದ ಒಬ್ಬಾಕೆಯ ಜೀವಿತವನ್ನು ನೋಡೋಣ. ಪಂಡಿತಾ ರಮಾಬಾಯಿಯವರು ೧೮೫೮ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿಗಳು ಪುರಾಣ ಹೇಳುತ್ತಾ ಕುಟುಂಬ ಸಮೇತರಾಗಿ ಕ್ಷೇತ್ರದಿಂದ ಕ್ಷೇತ್ರಕ್ಕೆ ತಿರುಗುತ್ತಿದ್ದರು. ೧೮೭೦ರ ದಶಕದಲ್ಲಿ ಮದ್ರಾಸ್ ಆಧಿಪತ್ಯದಲ್ಲಿ ಬರಬಿದ್ದಾಗ ಆ ಕುಟುಂಬವು ಕಾಡಿನ ಎಲೆಯನ್ನೂ ನೀರನ್ನೂ ಸೇವಿಸಿ ದಿನಗಳನ್ನು ಕಳೆಯಿತು. ತಂದೆಯೂ ತಾಯಿಯೂ ಅಕ್ಕನೂ ತೀರಿಹೋದರು. ರಮಾಬಾಯಿಯವರೂ ಅಣ್ಣನೂ ಉತ್ತರದಿಕ್ಕಿಗೆ ಬಹುದೂರ ಕಾಲ್ನಡೆಯಿಂದ ಹೋಗಿ ೧೮೭೮ರಲ್ಲಿ ಕಲ್ಕತ್ತೆಯನ್ನು ಸೇರಿದರು. ೧೮೮೩ರಲ್ಲಿ ಇಂಗ್ಲೆಂಡಿನಲ್ಲಿ ಆಕೆಯು ದೀಕ್ಷಾಸ್ನಾನ ಹೊಂದಿದರು.

ತನ್ನವರನ್ನು ಹಸಿವಿನಿಂದ ಕಳಕೊಂಡ ಆಕೆಯು ಬೇಡಿದರೆ ಫಲವೇನೆಂದು ಕೈಚೆಲ್ಲಬಹುದಾಗಿತ್ತು. ಆಕೆ ಹಾಗೆ ಮಾಡಲಿಲ್ಲ. ಬ್ರಿಸ್ಟಲ್ ಪಟ್ಟಣದ ಜಾರ್ಜ್ ಮುಲ್ಲರ್ (೧೮೦೫–೧೮೯೮) ಎಂಬವರ ಚರಿತ್ರೆಯನ್ನು ಆಕೆ ಓದಿದ್ದರು. ಮುಲ್ಲರರು ಹತ್ತು ಸಾವಿರಕ್ಕೂ ಹೆಚ್ಚು ಅನಾಥ ಮಕ್ಕಳನ್ನು ಸಾಕುವಾಗ ತಮ್ಮ ಕೊರತೆಯನ್ನು ಮನುಷ್ಯರಿಗೆ ಹೇಳದೆ ದೇವರಿಗೆ ಹೇಳಿಕೊಂಡವರು. ಅದರ ಸಂಗಡಲೇ ಸಾಲಕ್ಕೆ ಕೈಹಾಕದೆ, ಬಂದ ಕಾಣಿಕೆಗೆಲ್ಲಾ ರಸೀದಿ ಕೊಟ್ಟು, ವರುಷ ವರುಷವೂ ಲೆಕ್ಕವನ್ನು ಪ್ರಕಟಿಸಿದವರು. ರಮಾಬಾಯಿಯವರು ಆ ದಾರಿಯನ್ನೇ ಹಿಡಿದರು. ೧೮೯೬–೯೭ರಲ್ಲಿ ಮಧ್ಯಪ್ರಾಂತಗಳಲ್ಲಿ ಬರಬಿದ್ದಾಗ ಅವರು ಪ್ರಾರ್ಥಿಸಿದ್ದಲ್ಲದೆ, ತಾವೇ ಅಲ್ಲಿಗೆ ಹೋಗಿ ಸುಮಾರು ಮುನ್ನೂರು ಮಂದಿ ಹೆಣ್ಣುಮಕ್ಕಳನ್ನೂ ವಿಧವೆಯರನ್ನೂ ಕರತಂದರು. ಪುಣೆಯ ಆಚೆ ಕೇಡಗಾಂವದಲ್ಲಿದ್ದ ಅವರ ಮುಕ್ತಿ ಸದನದಲ್ಲಿ ೧೯೦೦ರ ಹೊತ್ತಿಗೆ ಸುಮಾರು ೧೫೦೦ ಮಂದಿಯೂ ನೂರಕ್ಕೂ ಹೆಚ್ಚು ದನಗಳೂ ಇದ್ದವು. ಅಲ್ಲಿ ಬಾವಿ ತೋಡಿದರು, ಹೊಲ ಉತ್ತರು, ಬಟ್ಟೆ ನೇದರು. ಬೆಳಗಿನ ಪ್ರಾರ್ಥನೆಯೂ ಹಗಲಿನ ದುಡಿಮೆಯೂ ಒಂದೇ ನೇಗಿಲಿಗೆ ಹೂಡಿದ ಜೋಡೆತ್ತುಗಳಂತಿದ್ದವು.

ತಂದೆತಾಯಿಗಳು ಯಾಕೆ ಸಾಯಬೇಕಾಯಿತೆಂಬ ಪ್ರಶ್ನೆಗೆ ಇದು ಉತ್ತರವಲ್ಲ. ಆ ಉತ್ತರವು ದೇವರ ಬಳಿಯಲ್ಲಿದೆ. ಆದರೆ ಹಸಿವನ್ನು ತಿಳಿದ ಹೃದಯವು ಇನ್ನೊಬ್ಬರ ಮನೆಗೆ ದೇವರ ಉತ್ತರವಾಗಬಹುದೆಂಬದನ್ನು ಇದರಿಂದ ಕಲಿಯುತ್ತೇವೆ. ಅಂತಿಯೋಕ್ಯದ ಸಭೆಯೂ ಹಾಗೆಯೇ ಮಾಡಿತು. ಬರವು ಬರುವದೆಂದು ಅಗಬನು ಹೇಳಿದಾಗ ಆ ಶಿಷ್ಯರು ತಮ್ಮ ಕಣಜಗಳಿಗೆ ಬೀಗಹಾಕದೆ, ಪ್ರತಿಯೊಬ್ಬನು ತನ್ನ ಶಕ್ತ್ಯನುಸಾರ ಕೊಟ್ಟು, ಬಾರ್ನಬ ಸೌಲರ ಕೈಯಲ್ಲಿ ಯೂದಾಯದ ಸಹೋದರರಿಗೆ ಕಳುಹಿಸಿದರು.

೫. ನಾವು ಮಾಡತಕ್ಕದ್ದು

ಬೆಳಿಗ್ಗೆ ಒಲೆ ಹೊತ್ತಿಸುವ ಮುಂಚೆ ಮನೆಯವರೆಲ್ಲರೂ ಕೂಡಿ ಆ ದಿನದ ಅಗತ್ಯವನ್ನು ಬಿಚ್ಚಿ ಹೇಳಿ ಪ್ರಾರ್ಥಿಸಿರಿ. ಹಿಟ್ಟಿಲ್ಲದಿದ್ದರೆ ಹಿಟ್ಟೆಂದೇ, ಮಗುವಿನ ಔಷಧವಾದರೆ ಔಷಧವೆಂದೇ ಹೇಳಿರಿ. ತಂದೆಯ ಮುಂದೆ ಸುತ್ತುಮಾತು ಬೇಕಿಲ್ಲ. ಸಾಯಂಕಾಲದಲ್ಲಿ ಆ ದಿನ ಬಂದದ್ದನ್ನು ಎಣಿಸಿ ಸ್ತೋತ್ರ ಹೇಳಿರಿ.

ನ್ಯಾಯಬೆಲೆ ಅಂಗಡಿಯ ಧಾನ್ಯವನ್ನಾಗಲಿ, ವೃದ್ಧರಿಗೆ ಬರುವ ಪಿಂಚಣಿಯನ್ನಾಗಲಿ ಪಡೆಯುವದರಲ್ಲಿ ನಾಚಿಕೆಯಿಲ್ಲ. ಎಲೀಯನಿಗೆ ಕಾಗೆಗಳ ಮೂಲಕ ಆಹಾರ ಕಳುಹಿಸಿದ ದೇವರಿಗೆ ಯಾವ ಬಾಗಿಲೂ ಕೀಳಲ್ಲ. ವಾರದ ಕಂತಿನ ಸಾಲದಲ್ಲಿ ಸಿಕ್ಕಿದವರು ಅದನ್ನು ಮುಚ್ಚಿಟ್ಟು ಇನ್ನೊಂದು ಸಾಲದಿಂದ ತೀರಿಸಲು ಹೋಗದೆ, ನಂಬಿಗಸ್ತರಾದ ಸಭೆಯ ಹಿರಿಯರಿಗೆ ಹೇಳಿ ಆಲೋಚನೆ ಕೇಳಲಿ. ಹಿರಿಯರೂ ಕೇಳಿದ್ದನ್ನು ಬೀದಿಗೆ ತಾರದಿರಲಿ.

ಕಡೆಯದಾಗಿ, ಪ್ರತಿ ಮನೆಯಲ್ಲಿಯೂ ಹಿಡಿಕಾಳಿನ ಗಡಿಗೆಯನ್ನು ಇಡೋಣ. ಅಡಿಗೆಗೆ ತೆಗೆದ ಜೋಳದಲ್ಲೋ ಅಕ್ಕಿಯಲ್ಲೋ ತಾಯಂದಿರು ದಿನಕ್ಕೆ ಒಂದು ಹಿಡಿಯನ್ನು ಅದರಲ್ಲಿ ಹಾಕಲಿ. ಶನಿವಾರ ಅದನ್ನು ಕೂಡಿಸಿ, ಗುಳೆ ಹೋದವರ ಮನೆಯಲ್ಲಿ ಉಳಿದ ಮುದುಕರಿಗೂ ಮಕ್ಕಳಿಗೂ, ಅವರು ನಮ್ಮ ಸಭೆಯವರಾಗಿರಲಿ ಆಗದಿರಲಿ, ಹೆಸರೆತ್ತದೆ ಮುಟ್ಟಿಸೋಣ. ಚಾರೆಪ್ತದ ವಿಧವೆಯ ಮಡಕೆಯು ಒಂದು ದಿನವೂ ತುಂಬಿ ತುಳುಕಿತೆಂದು ವೇದವು ಹೇಳುವದಿಲ್ಲ. ಹಿಟ್ಟು ತೀರಲಿಲ್ಲವೆಂದಷ್ಟೇ ಹೇಳುವದು. ಮೊದಲ ರೊಟ್ಟಿಯನ್ನು ಆಕೆ ಬೇರೊಬ್ಬರಿಗೆ ಕೊಟ್ಟಿದ್ದಳು.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಯೋಸೇಫನ ಕಣಜಕ್ಕೂ ಐಶ್ವರ್ಯವಂತನ ಹಗೇವಿಗೂ ಭೇದವೇನು? ನಮ್ಮ ಮನೆಯ ಕಾಳು ಯಾವುದರ ಹಾಗಿದೆ?
೨. ನಮ್ಮ ಹೊಲದಲ್ಲಿ ದುಡಿದವರ ಕೂಲಿಯನ್ನು ನಾವು ಯಾವಾಗ ಕೊಡುತ್ತೇವೆ?
೩. ಈ ವರುಷ ನಮ್ಮ ಊರಿನಲ್ಲಿ ಗುಳೆ ಹೋದ ಮನೆಗಳು ಯಾವವು? ಅಲ್ಲಿ ಉಳಿದವರು ಯಾರು? ಅವರನ್ನು ನೋಡಿಬರುವವರು ಯಾರು?

ಪ್ರಾರ್ಥನೆ

ಪರಲೋಕದ ತಂದೆಯೇ, ಹಕ್ಕಿಗೆ ಕಾಳನ್ನೂ ಬೀಜಕ್ಕೆ ಮೊಳಕೆಯನ್ನೂ ಕೊಡುವಾತನು ನೀನೇ. ನಮ್ಮ ಹೊಲಗಳಿಗೆ ಹದವಾದ ಮಳೆಯನ್ನು ಕಳುಹಿಸು. ದೂರದ ಊರುಗಳಲ್ಲಿ ದುಡಿಯುವ ನಮ್ಮವರನ್ನು ಕಾಪಾಡಿ, ಅವರ ಕೂಲಿ ಅವರ ಕೈ ಸೇರುವಂತೆ ಮಾಡು. ಈಹೊತ್ತು ನಮಗೆ ಸಾಕಾದಷ್ಟನ್ನು ಕೊಡು. ಕೊಟ್ಟದ್ದರಲ್ಲಿ ನೆರೆಯವರ ಪಾಲನ್ನು ಗುರುತಿಸುವ ಕಣ್ಣನ್ನೂ ಕೊಡು. ರೊಟ್ಟಿ ಬಾರದ ದಿನದಲ್ಲಿಯೂ ನಿನ್ನ ಕೈಯನ್ನು ಬಿಡದಿರುವಂತೆ ನಮ್ಮನ್ನು ಹಿಡಿದುಕೋ. ನಮ್ಮ ಕರ್ತನಾದ ಯೇಸು ಕ್ರಿಸ್ತನ ಮೂಲಕ ಬೇಡುತ್ತೇವೆ. ಆಮೆನ್.