ಆನ್‌ಲೈನ್ ಪಾಠಕ್ಕೆ ಅಳುಕೇಕೆ ಮೇಷ್ಟ್ರೇ?

2020ರಲ್ಲಿ ಕೊರೊನಾದಿಂದ ಶಾಲೆಗಳಿಗೆ ಬೀಗ ಬಿದ್ದಾಗ, ವರ್ಷಗಟ್ಟಲೆ ಸೀಮೆಸುಣ್ಣ ಹಿಡಿದು ಪಳಗಿದ ಮೇಷ್ಟ್ರುಗಳೂ ಫೋನಿನ ಮುಂದೆ ತಡವರಿಸಿದರು. ಮಕ್ಕಳ ಮುಖ ಕಾಣದು, ಜೊತೆಗೆ ಅಪ್ಪ-ಅಮ್ಮ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಾರೆಂಬ ಮುಜುಗರ ಬೇರೆ! ಮಲೆನಾಡು, ಕರಾವಳಿಯಲ್ಲಿ ಮಳೆಗೆ ರಜೆ ಬಿದ್ದು ಪಾಠ ಆನ್‌ಲೈನ್‌ಗೆ ಹೋದಾಗ ಆ ಅಳುಕು ಈಗಲೂ ತಲೆಯೆತ್ತುತ್ತದೆ.

ಹತ್ತು ಆ್ಯಪ್‌ಗಳ ಬೆನ್ನು ಹತ್ತಬೇಡಿ. ಒಂದನ್ನೇ ಚೆನ್ನಾಗಿ ಕಲಿಯಿರಿ. ಕಲಿಯಲು ಸುಲಭದ ದಾರಿಯೆಂದರೆ, ಮನೆಯ ಇನ್ನೊಂದು ಫೋನಿನಿಂದ ನಿಮ್ಮದೇ ತರಗತಿಗೆ ವಿದ್ಯಾರ್ಥಿಯಾಗಿ ಸೇರುವುದು. ನಿಮ್ಮ ಅಕ್ಷರ ಎಷ್ಟು ಸಣ್ಣದಾಗಿ ಕಾಣುತ್ತದೆ, ಫ್ಯಾನಿನ ಸದ್ದು ಎಷ್ಟು ಕೇಳುತ್ತದೆ ಎಂಬುದೆಲ್ಲ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಯಾವ ತರಬೇತಿ ಶಿಬಿರವೂ ಇಷ್ಟು ಬೇಗ ಕಲಿಸದು.

ಅನೇಕ ಮನೆಗಳಲ್ಲಿರುವುದು ಒಂದೇ ಸ್ಮಾರ್ಟ್‌ಫೋನ್. ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗಿ ಸಂಜೆ ಮರಳುತ್ತದೆ. ಅಂಥ ಮನೆಯ ಮಕ್ಕಳಿಗೆ ಒಂದು ಗಂಟೆಯ ನೇರ ತರಗತಿಗಿಂತ ನಾಲ್ಕು ನಿಮಿಷದ ವಾಟ್ಸ್ಆ್ಯಪ್ ಧ್ವನಿ ಸಂದೇಶ, ಜೊತೆಗೊಂದು ಬೋರ್ಡಿನ ಫೋಟೊ ಮೇಲು. ಡೇಟಾ ಕೂಡ ಉಳಿಯುತ್ತದೆ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದ್ದರೆ ದೀಕ್ಷಾ ಆ್ಯಪ್‌ನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ ನೋಡಿ. ಸಿದ್ಧ ಪಾಠ ಸಿಕ್ಕೀತು.

ಏನಾದರೂ ಗೊತ್ತಾಗದಿದ್ದರೆ ಏಳನೇ ತರಗತಿಯ ಹುಡುಗಿಯೊಬ್ಬಳನ್ನೇ ಕೇಳಿ. ಖುಷಿಯಿಂದ ಹೇಳಿಕೊಡುತ್ತಾಳೆ.