ಹುರಿಹಿಟ್ಟಿನ ವ್ಯಾಪಾರಕ್ಕೆ ಫೋನಿನ ಎಐ

ಬಂಗಾರಪೇಟೆ ಬಳಿ ನಮ್ಮದು ಮಳೆ ನಂಬಿದ ಹೊಲ. ರಾಗಿ ಹುರಿಹಿಟ್ಟು ಮಾಡಿ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಮಾರುತ್ತೇವೆ. ಲೆಕ್ಕಕ್ಕೆ, ಪೊಟ್ಟಣದ ಚೀಟಿ ಬರೆಸೋಕೆ ಫೋನಿನ ಎಐ ಬಳಸುತ್ತಿದ್ದೇನೆ. ಕನ್ನಡದಲ್ಲಿ ಮಾತಾಡಿದರೆ ಸಾಕು.

ಇದು ಓದಿದ್ದರ ಮೇಲೆ ಅಂದಾಜಿನಲ್ಲಿ ಮಾತು ಪೋಣಿಸುವ ಯಂತ್ರ. ಗೊತ್ತಿಲ್ಲದ್ದಕ್ಕೂ ಗೊತ್ತಿದ್ದಂತೆಯೇ ಉತ್ತರ ಕೊಟ್ಟೀತು. ಅದಕ್ಕೇ ಮೊದಲು ನಿಮಗೆ ಚೆನ್ನಾಗಿ ಗೊತ್ತಿರೋದನ್ನು ಕೇಳಿ ನೋಡಿ. ಅಕ್ಕಡಿ ಸಾಲು ಅಂದರೇನು ಅಂದೆ. ಅಕ್ಕಿ ಬೆಳೆ ಅಂತು! ರಾಗಿ ನಡುವೆ ಅವರೆ, ತೊಗರಿ ಸಾಲು ಹಾಕೋದು ಅದಕ್ಕೆಲ್ಲಿ ಗೊತ್ತು.

ಬೆಲೆ ಕಟ್ಟುವಾಗ ಇನ್ನೂ ಎಚ್ಚರ ಬೇಕು. ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂ. ಅಂದಿತು. ಅದು 2024-25ರದ್ದು, 2025-26ಕ್ಕೆ 4,886 ರೂ. ಆಗಿತ್ತು. ಹಳೇ ದರ ಹಿಡಿದರೆ ಕಿಲೋಗೆ ಸುಮಾರು 6 ರೂ. ಕೈಬಿಟ್ಟಂತೆ. ದರ ನಾವೇ ಕೊಟ್ಟು, ಹುರಿದಾಗ ಇಳಿಯುವ ತೂಕ, ಗಿರಣಿ ಕೂಲಿ, ಚೀಲ, ಬಸ್ ಚಾರ್ಜು ಹೇಳಿದರೆ ಕೂಡಿ ಕಳೆದು ಕೊಡುತ್ತೆ. ಕ್ಯಾಲ್ಕುಲೇಟರಿನಲ್ಲಿ ಒಂದು ಸಲ ತಾಳೆ ನೋಡಿ.

ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದರೂ ತಮಿಳು ಮನೆಗಳು ಅಲ್ಲಿ ಬಹಳ ಇವೆ. ಚೀಟಿಗೆ ತಮಿಳೂ ಬರೆಸಿದೆ. ರಾಗಿಗೆ 'ಕೇಳ್ವರಗು' ಅಂತ ಹಾಕಿತ್ತು. ತಪ್ಪಲ್ಲ. ಅಚ್ಚಿಗೆ ಕೊಡುವ ಮೊದಲು ಅಂಗಡಿಯವರಿಗೆ ತೋರಿಸಿದರೆ, "ನಮ್ಮ ಗಿರಾಕಿಗಳಿಗೆ ರಾಗಿ ಅಂತಲೇ ಹಾಕಿ ಯಜಮಾನ್ರೇ" ಅಂದರು.

ಆಧಾರ್, ಬ್ಯಾಂಕ್ ನಂಬರು, ಓಟಿಪಿ ಅದಕ್ಕೆ ಕೊಡಬೇಡಿ. ಔಷಧಿ ಪ್ರಮಾಣ ಬೇಕಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿ, ಕಾಸಿಲ್ಲ, ಕನ್ನಡದಲ್ಲೇ ಹೇಳ್ತಾರೆ.